ವಿಂಡೋಸ್‌ನಲ್ಲಿ ಇರುವ ವೈಫೈ ಉಬುಂಟುನಲ್ಲಿ ಕಾಣೆ: ಕಾರ್ಡ್ ಬದಲಿಸಬೇಕೇ?

ಪ್ರಶ್ನೆ: ಸರ್, ನಾನು ಗದಗ-ಬೆಟಗೇರಿಯವಳು. ಧಾರವಾಡದ ಸಪ್ತಾಪುರದಲ್ಲಿ ಪಿಜಿಯಲ್ಲಿದ್ದು ಎಂಸಿಎ ಓದುತ್ತಿದ್ದೇನೆ. ಲ್ಯಾಪ್‌ಟಾಪ್‌ನಲ್ಲಿ ವಿಂಡೋಸ್ 11 ಇತ್ತು. ಪ್ರಾಜೆಕ್ಟ್‌ಗೆ ಬೇಕು ಅಂತ ಸೀನಿಯರ್ ಒಬ್ಬರು ಅದರ ಜೊತೆಗೇ ಉಬುಂಟು (ಲಿನಕ್ಸ್) ಹಾಕಿಕೊಟ್ಟರು. ವಿಂಡೋಸ್‌ನಲ್ಲಿ ವೈಫೈ ಯಾವತ್ತೂ ತೊಂದರೆ ಕೊಟ್ಟಿಲ್ಲ. ಉಬುಂಟುನಲ್ಲಿ ಕೆಲವು ದಿನ ಬರುತ್ತದೆ, ಕೆಲವು ದಿನ 'ನೋ ವೈಫೈ ಅಡಾಪ್ಟರ್ ಫೌಂಡ್' ಅನ್ನುತ್ತದೆ. ಬಂದ ದಿನವೂ ರಾತ್ರಿ ಹೊತ್ತು ನಿಧಾನ, ನಡುನಡುವೆ ಕಟ್ ಆಗುತ್ತದೆ. ಊರಿಗೆ ಹೋದಾಗ ಮಾತ್ರ ಒಂದೂ ತೊಂದರೆ ಇಲ್ಲ. ಅಲ್ಲಿ ಬರೀ ಪ್ರಾಜೆಕ್ಟ್ ಕೆಲಸ, ವಿಂಡೋಸ್ ಹಚ್ಚೋದೇ ಇಲ್ಲ. ಇನ್ನೊಂದು, ಉಬುಂಟು ಬಳಸಿ ವಿಂಡೋಸ್‌ಗೆ ಬಂದರೆ ಗಡಿಯಾರ ತಪ್ಪಿರುತ್ತದೆ. ಹುಬ್ಬಳ್ಳಿಯ ಅಂಗಡಿಯೊಂದರಲ್ಲಿ ತೋರಿಸಿದೆ. ವೈಫೈ ಕಾರ್ಡ್ ಹೋಗಿದೆ, ಬದಲಿಸಬೇಕು ಎಂದರು. ಬದಲಿಸಲೇ? ಇಲ್ಲ ಉಬುಂಟು ತೆಗೆಸಿಬಿಡಲೇ?

ಉತ್ತರ: ಎರಡೂ ಬೇಡ. ಕಾರ್ಡ್ ಹೋಗಿದ್ದರೆ ವಿಂಡೋಸ್‌ನಲ್ಲೂ ಹೋಗಿರಬೇಕಿತ್ತು, ಅಲ್ವಾ? ಲ್ಯಾಪ್‌ಟಾಪ್‌ನೊಳಗೆ ವಿಂಡೋಸ್‌ಗೆ ಒಂದು, ಉಬುಂಟುಗೆ ಒಂದು ಅಂತ ಬೇರೆ ಬೇರೆ ಕಾರ್ಡ್ ಇರುವುದಿಲ್ಲ. ಇರುವುದು ಒಂದೇ.

ನಿಮ್ಮ ಪತ್ರದಲ್ಲೇ ಅರ್ಧ ಉತ್ತರ ಇದೆ. "ಊರಲ್ಲಿ ವಿಂಡೋಸ್ ಹಚ್ಚೋದೇ ಇಲ್ಲ" ಎಂದು ಸುಮ್ನೆ ಬರೆದುಬಿಟ್ಟಿದ್ದೀರಿ. ನನಗೆ ಹಿಡಿಯಲು ಸಿಕ್ಕ ಎಳೆ ಅದೇ. ಗದಗಿನ ಗಾಳಿಯಲ್ಲಿ ವೈಫೈ ಚೆನ್ನಾಗಿ ಓಡುತ್ತದೆ ಅಂತಲ್ಲ. ಅಲ್ಲಿ ಇದ್ದಷ್ಟು ದಿನ ಕಾರ್ಡನ್ನು ಉಬುಂಟು ಮಾತ್ರ ಬಳಸುತ್ತದೆ. ಧಾರವಾಡದಲ್ಲಿ ಇಬ್ಬರು ಬಳಸುತ್ತಾರೆ. ಒಂದೇ ಜೋಡಿ ಎತ್ತು, ಎರಡು ಹೊಲ ಇದ್ದ ಹಾಗೆ. ಸಂಜೆ ಪಕ್ಕದ ಹೊಲದವರು ನೊಗ ಇಳಿಸದೆ ಹಾಗೇ ಮನೆಗೆ ಹೋಗಿದ್ದಾರೆ. ಬೆಳಿಗ್ಗೆ ನೀವು ಹೋಗಿ ಕರೆದರೆ ಎತ್ತು ಎಲ್ಲಿಂದ ಬರಬೇಕು?

ನೊಗ ಇಳಿಸದೆ ಹೋಗುವವರು ಇಲ್ಲಿ ವಿಂಡೋಸ್. ಅದರ ಈ ಅಭ್ಯಾಸದ ಹೆಸರು ಫಾಸ್ಟ್ ಸ್ಟಾರ್ಟಪ್. 2012ರಲ್ಲಿ ವಿಂಡೋಸ್ 8 ಜೊತೆ ಬಂತು, ಈಗಿನ 11ರಲ್ಲೂ ಇದೆ. ಸಾಮಾನ್ಯವಾಗಿ ಹೊಸ ಲ್ಯಾಪ್‌ಟಾಪ್‌ನಲ್ಲಿ ಮೊದಲಿನಿಂದಲೇ ಆನ್ ಆಗಿರುತ್ತದೆ. ನೀವು ಶಟ್ ಡೌನ್ ಒತ್ತಿದಾಗ ಏನಾಗುತ್ತದೆ ಅಂದರೆ, ನಿಮ್ಮ ಬ್ರೌಸರ್, ವರ್ಡ್ ಎಲ್ಲ ಮುಚ್ಚಿ ನಿಮ್ಮನ್ನು ಲಾಗೌಟ್ ಮಾಡುತ್ತದೆ. ಆದರೆ ತನ್ನ ಒಳಗಿನ ಭಾಗವನ್ನು, ಅಂದರೆ ಕರ್ನಲ್ (ಸಿಸ್ಟಮ್‌ನ ತಿರುಳು) ಮತ್ತು ಅದಕ್ಕೆ ಅಂಟಿಕೊಂಡ ಡ್ರೈವರ್‌ಗಳ (ಕಾರ್ಡಿನಂಥ ಸಾಮಾನುಗಳನ್ನು ಓಡಿಸುವ ಸಾಫ್ಟ್‌ವೇರ್) ಸ್ಥಿತಿಯನ್ನು, ಡಿಸ್ಕ್‌ನಲ್ಲಿ ಒಂದು ಫೈಲ್ ಮಾಡಿ ಎತ್ತಿಡುತ್ತದೆ. ಮರುದಿನ ಎಲ್ಲವನ್ನೂ ಮೊದಲಿಂದ ಶುರು ಮಾಡದೆ ಆ ಫೈಲನ್ನು ಓದಿ ಎದ್ದುಬಿಡುತ್ತದೆ. ಅದಕ್ಕೇ ಬೇಗ ಆನ್ ಆಗುವುದು. ಇದು ಪೂರ್ತಿ ಶಟ್ ಡೌನ್ ಅಲ್ಲ, ಅರ್ಧ ನಿದ್ದೆ. ನಾಳೆ ನಾನೇ ಬರುತ್ತೇನೆ ಎಂಬ ಲೆಕ್ಕದಲ್ಲಿ ವಿಂಡೋಸ್ ವೈಫೈ ಕಾರ್ಡನ್ನು ತನಗೆ ಬೇಕಾದ ಸ್ಥಿತಿಯಲ್ಲೇ ಬಿಟ್ಟು ಹೋಗಿರುತ್ತದೆ. ನಡುವೆ ಉಬುಂಟು ಎದ್ದು ಕಾರ್ಡನ್ನು ಎಬ್ಬಿಸಲು ಹೋದರೆ ಕೆಲವು ಕಾರ್ಡ್‌ಗಳು ಮಾತಾಡುವುದಿಲ್ಲ. ಉಬುಂಟು ಸ್ವಲ್ಪ ಹೊತ್ತು ಕಾದು, ಅಡಾಪ್ಟರೇ ಇಲ್ಲ ಎಂದು ತೀರ್ಮಾನ ಮಾಡುತ್ತದೆ.

ನಂಬಿಕೆ ಬರದಿದ್ದರೆ ಒಂದು ಮೋಜು ನೋಡಿ. ರಾತ್ರಿ ವಿಂಡೋಸ್ ಶಟ್ ಡೌನ್ ಮಾಡಿ, ಬೆಳಿಗ್ಗೆ ಮತ್ತೆ ವಿಂಡೋಸನ್ನೇ ಹಚ್ಚಿ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಕೀ ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಪರ್ಫಾರ್ಮೆನ್ಸ್‌ಗೆ ಹೋಗಿ ಸಿಪಿಯು ಮೇಲೆ ಒತ್ತಿ. ಕೆಳಗೆ 'ಅಪ್ ಟೈಮ್' ಅಂತ ಇರುತ್ತದೆ. ಈಗಷ್ಟೇ ಆನ್ ಮಾಡಿದ ಲ್ಯಾಪ್‌ಟಾಪ್ ಅಲ್ಲಿ ಐದು ದಿನ, ಒಂಬತ್ತು ದಿನ ಎಂದು ತೋರಿಸಿದರೆ ಗಾಬರಿಯಾಗಬೇಡಿ. ವಿಂಡೋಸ್ ಲೆಕ್ಕದಲ್ಲಿ ಅದು ಮಲಗಿಯೇ ಇಲ್ಲ.

ಇನ್ನೊಂದು ಸುಳಿವೂ ಇದೆ. ಉಬುಂಟುನಿಂದ ವಿಂಡೋಸ್‌ನ ಡ್ರೈವ್ ತೆರೆದು ಫೈಲ್ ಇಡಲು ಹೋದರೆ 'ರೀಡ್ ಓನ್ಲಿ' ಅನ್ನುತ್ತಿದೆಯೇ, ಇಲ್ಲವೇ ಡ್ರೈವ್ ತೆರೆಯುವುದೇ ಇಲ್ಲವೇ? ಹಾಗಿದ್ದರೆ ಅದೂ ಹೆಚ್ಚಾಗಿ ಇದೇ ಅರ್ಧ ನಿದ್ದೆಯ ಕೆಲಸ. ವಿಂಡೋಸ್ ಇನ್ನೂ ಬಳಸುತ್ತಿರುವ ಡಿಸ್ಕ್‌ಗೆ ತಾನು ಬರೆದರೆ ಫೈಲ್ ಕೆಡುತ್ತವೆ ಎಂದು ಉಬುಂಟು ದೂರ ನಿಲ್ಲುತ್ತದೆ. ಅದನ್ನು ಬಲವಂತದಿಂದ ತೆರೆಯುವ ಕಮಾಂಡ್ ಯಾರಾದರೂ ಹೇಳಿಕೊಟ್ಟರೆ ಕಿವಿಗೆ ಹಾಕಿಕೊಳ್ಳಬೇಡಿ.

ಸೆಟ್ಟಿಂಗ್ ಮುಟ್ಟುವ ಮೊದಲು ಪರೀಕ್ಷೆ ಮಾಡಿ. ವಿಂಡೋಸ್‌ನಲ್ಲಿ ಶಿಫ್ಟ್ ಕೀ ಒತ್ತಿ ಹಿಡಿದುಕೊಂಡೇ ಶಟ್ ಡೌನ್ ಕ್ಲಿಕ್ ಮಾಡಿ. ಆಗ ಅದು ಅರ್ಧ ನಿದ್ದೆಗೆ ಹೋಗದೆ ಪೂರ್ತಿ ಮುಚ್ಚುತ್ತದೆ. ಆಮೇಲೆ ಉಬುಂಟು ಹಚ್ಚಿ ನೋಡಿ. ಮೂರು ನಾಲ್ಕು ದಿನ ಹೀಗೇ ಮಾಡಿ. ಒಂದು ದಿನವೂ ಅಡಾಪ್ಟರ್ ಕಾಣೆಯಾಗದಿದ್ದರೆ ಕಳ್ಳ ಸಿಕ್ಕ ಹಾಗೆ. ಒಂದು ವಿಚಿತ್ರ ಅಂದರೆ, ರೀಸ್ಟಾರ್ಟ್ ಒತ್ತಿದಾಗ ವಿಂಡೋಸ್ ಈ ಅರ್ಧ ನಿದ್ದೆ ಮಾಡುವುದಿಲ್ಲ. ಎಲ್ಲವನ್ನೂ ಮುಚ್ಚಿ ಮೊದಲಿಂದ ಶುರು ಮಾಡುತ್ತದೆ. "ಶಟ್ ಡೌನ್ ಮಾಡಿದರ ಬರಂಗಿಲ್ಲ ಸರ್, ರೀಸ್ಟಾರ್ಟ್ ಮಾಡಿದರ ಬರ್ತದ" ಎಂದು ಯಾರಾದರೂ ಹೇಳಿದರೆ ನಾನು ಲ್ಯಾಪ್‌ಟಾಪ್ ಬ್ಯಾಗಿನಿಂದ ತೆಗೆಯಲೂ ಹೇಳುವುದಿಲ್ಲ. ರೋಗ ಗೊತ್ತಾಗಿರುತ್ತದೆ.

ಕಾಯಂ ಪರಿಹಾರ ಇದು. ವಿಂಡೋಸ್‌ನ ಕಂಟ್ರೋಲ್ ಪ್ಯಾನೆಲ್ ತೆರೆಯಿರಿ, ಹೊಸ ಸೆಟ್ಟಿಂಗ್ಸ್ ಅಲ್ಲ, ಹಳೆಯ ಕಂಟ್ರೋಲ್ ಪ್ಯಾನೆಲ್. ಹಾರ್ಡ್‌ವೇರ್ ಆಂಡ್ ಸೌಂಡ್, ಅದರೊಳಗೆ ಪವರ್ ಆಪ್ಷನ್ಸ್. ಎಡಗಡೆ 'ಚೂಸ್ ವಾಟ್ ದ ಪವರ್ ಬಟನ್ಸ್ ಡೂ' ಒತ್ತಿ. ಕೆಳಗೆ ಫಾಸ್ಟ್ ಸ್ಟಾರ್ಟಪ್ ಮುಂದೆ ಟಿಕ್ ಇರುತ್ತದೆ, ಆದರೆ ಮಂಕಾಗಿರುತ್ತದೆ, ತೆಗೆಯಲು ಬಿಡುವುದಿಲ್ಲ. ಇಲ್ಲಿಗೆ ಬಂದು ಎಷ್ಟೋ ಜನ ವಾಪಸ್ ಹೋಗುತ್ತಾರೆ. ಮೇಲೆ 'ಚೇಂಜ್ ಸೆಟ್ಟಿಂಗ್ಸ್ ದಟ್ ಆರ್ ಕರೆಂಟ್ಲಿ ಅನ್‌ಅವೈಲೆಬಲ್' ಎಂಬ ಸಾಲಿದೆ. ಅದನ್ನು ಒತ್ತಿದರೆ ಟಿಕ್ ತೆಗೆಯಲು ಬರುತ್ತದೆ. ತೆಗೆದು ಸೇವ್ ಮಾಡಿ. ವಿಂಡೋಸ್ ಏಳುವುದು ಸ್ವಲ್ಪ ನಿಧಾನ ಆಗಬಹುದು. ಎಸ್‌ಎಸ್‌ಡಿ ಇದ್ದರೆ ನಿಮಗೆ ಗೊತ್ತೂ ಆಗಲಿಕ್ಕಿಲ್ಲ. ವಿಂಡೋಸ್‌ಗೆ ದೊಡ್ಡ ಅಪ್‌ಡೇಟ್ ಬಂದ ಮೇಲೆ ಈ ಟಿಕ್ ಮತ್ತೆ ಬಂದಿದೆಯೇ ಎಂದು ಒಮ್ಮೆ ನೋಡಿಕೊಳ್ಳಿ.

ಅಂಗಡಿಯವರ ಮೇಲೆ ಸಿಟ್ಟು ಮಾಡಿಕೊಳ್ಳಬೇಡಿ. ನಾನೂ ಹುಬ್ಬಳ್ಳಿಯಲ್ಲಿ ಇದೇ ರಿಪೇರಿ ಕೆಲಸ ಮಾಡುವವನು, ನಾನೂ ಇದೇ ತಪ್ಪು ಮಾಡಿದ್ದೇನೆ. ಕೆಲವು ವರ್ಷಗಳ ಹಿಂದೆ ಹಾವೇರಿಯಿಂದ ಒಬ್ಬ ಮಾಸ್ತರರು ಲ್ಯಾಪ್‌ಟಾಪ್ ತಂದಿದ್ದರು. ಇದೇ ಕಥೆ. ನಾನು ಹಿಂದೆ ಮುಂದೆ ನೋಡದೆ ಹೊಸ ಕಾರ್ಡ್ ಹಾಕಿದೆ. ಟೇಬಲ್ ಮೇಲೆ ಚೆನ್ನಾಗಿಯೇ ಓಡಿತು. ದುಡ್ಡು ಕೊಟ್ಟು ಹೋದರು. ಎಂಟು ದಿನಕ್ಕೆ ಫೋನ್ ಬಂತು, ಮತ್ತೆ ಅದೇ ಹಾಡು. ಹಳೆಯ ಕಾರ್ಡನ್ನೇ ವಾಪಸ್ ಹಾಕಿ ನೋಡಿದೆ. ಅದೂ ಟೇಬಲ್ ಮೇಲೆ ಓಡಿತು! ಆಗ ತಲೆಗೆ ಹೊಳೆಯಿತು. ಕಾರ್ಡ್ ಬದಲಿಸಲು ಲ್ಯಾಪ್‌ಟಾಪ್ ಬಿಚ್ಚುತ್ತೇವೆ. ಬಿಚ್ಚಿದ ಕೂಡಲೇ ಮೊದಲು ಬ್ಯಾಟರಿ ಕನೆಕ್ಟರ್ ಕೀಳುತ್ತೇವೆ. ಕರೆಂಟ್ ಪೂರ್ತಿ ಹೋದರೆ ಕಾರ್ಡ್ ಹಳೆಯದೆಲ್ಲ ಮರೆತು ಹೊಸದಾಗಿ ಎದ್ದೇಳುತ್ತದೆ. ಗುಣ ಮಾಡಿದ್ದು ಹೊಸ ಕಾರ್ಡಲ್ಲ, ಬ್ಯಾಟರಿ ಕಿತ್ತಿದ್ದು. ಮಾಸ್ತರರ ದುಡ್ಡು ವಾಪಸ್ ಕೊಟ್ಟೆ ಅನ್ನಿ.

ಇದರಿಂದ ನಿಮಗೂ ಒಂದು ಉಪಾಯ ಸಿಕ್ಕಿತು. ನಾಳೆ ಬೆಳಿಗ್ಗೆ ಸಬ್‌ಮಿಷನ್ ಇದೆ, ಅಡಾಪ್ಟರ್ ಕಾಣೆಯಾಗಿದೆ ಅಂದುಕೊಳ್ಳಿ. ಲ್ಯಾಪ್‌ಟಾಪ್ ಪೂರ್ತಿ ಆಫ್ ಮಾಡಿ. ಚಾರ್ಜರ್ ಕಿತ್ತು, ಪವರ್ ಬಟನ್ನನ್ನು 30 ಸೆಕೆಂಡ್ ಒತ್ತಿ ಹಿಡಿಯಿರಿ. ಒಳಗೆ ಉಳಿದ ಕರೆಂಟ್ ಇಳಿದುಹೋಗುತ್ತದೆ. ಆಮೇಲೆ ನೇರ ಉಬುಂಟು ಹಚ್ಚಿ. ಬಹಳ ಸಲ ಕಾರ್ಡ್ ವಾಪಸ್ ಬರುತ್ತದೆ. ಬರದಿದ್ದರೆ ಮೊಬೈಲ್‌ಗೆ ಯುಎಸ್‌ಬಿ ಕೇಬಲ್ ಹಚ್ಚಿ, ಮೊಬೈಲ್‌ನ ಹಾಟ್‌ಸ್ಪಾಟ್ ಸೆಟ್ಟಿಂಗ್‌ನಲ್ಲಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿ. ಆಂಡ್ರಾಯ್ಡ್ ಫೋನಾದರೆ ಉಬುಂಟು ಯಾವ ಡ್ರೈವರೂ ಕೇಳದೆ ಅದನ್ನು ತಂತಿಯ ನೆಟ್ ಎಂದುಕೊಂಡು ಒಪ್ಪಿಕೊಳ್ಳುತ್ತದೆ. ವೈಫೈ ಇಲ್ಲದ ಲ್ಯಾಪ್‌ಟಾಪ್‌ಗೆ ಡ್ರೈವರ್ ಇಳಿಸಿಕೊಳ್ಳುವುದಕ್ಕೂ ಇದೇ ದಾರಿ.

ಇಷ್ಟರಲ್ಲೇ ನಿಮ್ಮ ಮೊದಲ ತೊಂದರೆ ತೀರಬೇಕು. ತೀರದಿದ್ದರೆ ಮುಂದಿನದನ್ನು ಓದಿ. ಎರಡು ಮೂರು ಕಮಾಂಡ್ ಬರುತ್ತವೆ. ನಾನು ಕನ್ನಡದಲ್ಲಿ ಬಿಡಿಸಿ ಬರೆದಿದ್ದೇನೆ, ನೀವು ಉಬುಂಟುನ ಟರ್ಮಿನಲ್‌ನಲ್ಲಿ, ಅಂದರೆ ಕಮಾಂಡ್ ಕೊಡುವ ಕಿಟಕಿಯಲ್ಲಿ, ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲಿ ಟೈಪ್ ಮಾಡಿ.

ಮೊದಲು ಏರ್‌ಪ್ಲೇನ್ ಮೋಡ್ ನೋಡಿ. ನಗಬೇಡಿ. ಫಂಕ್ಷನ್ ಕೀಗಳ ಸಾಲಿನಲ್ಲಿ ವಿಮಾನದ ಚಿತ್ರ ಇರುವ ಕೀ ಕೈ ತಾಗಿ ಒತ್ತಿಹೋಗಿರುತ್ತದೆ. ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ವಿಂಡೋಸ್‌ನಲ್ಲಿ ಒತ್ತಿದ್ದು ಉಬುಂಟುಗೆ ಬಂದರೂ ಹಾಗೇ ಉಳಿಯುತ್ತದೆ. ಟರ್ಮಿನಲ್‌ನಲ್ಲಿ ಆರ್-ಎಫ್-ಕೆ-ಐ-ಎಲ್-ಎಲ್ ಒಂದೇ ಪದವಾಗಿ, ಒಂದು ಜಾಗ ಬಿಟ್ಟು ಲಿಸ್ಟ್ ಎಂದು ಟೈಪ್ ಮಾಡಿ. ವೈರ್‌ಲೆಸ್ ಲ್ಯಾನ್ ಕೆಳಗೆ 'ಸಾಫ್ಟ್ ಬ್ಲಾಕ್ಡ್', 'ಹಾರ್ಡ್ ಬ್ಲಾಕ್ಡ್' ಎಂದು ಎರಡು ಸಾಲು ಬರುತ್ತವೆ. ಎರಡರ ಮುಂದೆಯೂ 'ನೋ' ಇರಬೇಕು. ಸಾಫ್ಟ್ ಮುಂದೆ 'ಯೆಸ್' ಇದ್ದರೆ ಅದೇ ಕಮಾಂಡ್‌ನಲ್ಲಿ ಲಿಸ್ಟ್ ಬದಲು 'ಅನ್‌ಬ್ಲಾಕ್ ವೈಫೈ' ಎಂದು ಕೊಡಿ. ಹಾರ್ಡ್ ಮುಂದೆ 'ಯೆಸ್' ಇದ್ದರೆ ಕಮಾಂಡ್‌ನಿಂದ ಆಗುವುದಿಲ್ಲ. ಆ ಕೀ ಒತ್ತಬೇಕು, ಇಲ್ಲವೇ ಬಯೋಸ್‌ನಲ್ಲಿ, ಅಂದರೆ ವಿಂಡೋಸ್, ಉಬುಂಟು ಏಳುವ ಮೊದಲೇ ಓಡುವ ಲ್ಯಾಪ್‌ಟಾಪ್‌ನ ಮೂಲ ಸೆಟ್ಟಿಂಗ್‌ನಲ್ಲಿ, ವೈರ್‌ಲೆಸ್ ಆಫ್ ಆಗಿದೆಯೇ ನೋಡಬೇಕು.

ಬಯೋಸ್ ಮಾತು ಬಂತಲ್ಲ, ಒಂದು ಎಚ್ಚರಿಕೆ. ವಿಂಡೋಸ್ 11 ಇರುವ ಲ್ಯಾಪ್‌ಟಾಪ್‌ಗಳಲ್ಲಿ ಡಿಸ್ಕ್‌ಗೆ ಬಿಟ್‌ಲಾಕರ್ ಬೀಗ ಬಿದ್ದಿರುವುದು ಈಗ ಸಾಮಾನ್ಯ, ಎಷ್ಟೋ ಜನರಿಗೆ ಗೊತ್ತೇ ಇರುವುದಿಲ್ಲ. ಬಯೋಸ್‌ನಲ್ಲಿ ಸೆಕ್ಯೂರ್ ಬೂಟ್ (ಸಹಿ ಇಲ್ಲದ ಸಾಫ್ಟ್‌ವೇರ್ ಏಳದಂತೆ ತಡೆಯುವ ಕಾವಲು) ಥರದ ಸೆಟ್ಟಿಂಗ್ ಬದಲಿಸಿದರೆ ಮುಂದಿನ ಸಲ ವಿಂಡೋಸ್ 48 ಅಂಕಿಯ ರಿಕವರಿ ಕೀ ಕೇಳಬಹುದು. ಅದು ಸಾಮಾನ್ಯವಾಗಿ ನಿಮ್ಮ ಮೈಕ್ರೋಸಾಫ್ಟ್ ಅಕೌಂಟ್‌ನಲ್ಲಿ ಇರುತ್ತದೆ. ಮೊದಲು ಅದನ್ನು ಹುಡುಕಿ ಒಂದು ನೋಟ್‌ಬುಕ್‌ನಲ್ಲಿ ಬರೆದಿಟ್ಟು, ಆಮೇಲೆ ಬಯೋಸ್‌ಗೆ ಕೈ ಹಾಕಿ. ವೈಫೈ ಸರಿ ಮಾಡಲು ಹೋಗಿ ಮೂರು ವರ್ಷದ ಫೈಲ್ ಕಳೆದುಕೊಂಡು ಕಣ್ಣೀರು ಹಾಕಿದವರನ್ನು ನೋಡಿದ್ದೇನೆ.

ಇನ್ನು ಡ್ರೈವರ್. ಎಲ್-ಎಸ್-ಪಿ-ಸಿ-ಐ, ಒಂದು ಜಾಗ ಬಿಟ್ಟು ಮೈನಸ್ ಗುರುತು, ಅದಕ್ಕೆ ಅಂಟಿಕೊಂಡು ಎನ್-ಎನ್-ಕೆ. ಇದು ಒಳಗಿನ ಎಲ್ಲ ಸಾಮಾನುಗಳ ಪಟ್ಟಿ ಕೊಡುತ್ತದೆ. ಅದರಲ್ಲಿ 'ನೆಟ್‌ವರ್ಕ್ ಕಂಟ್ರೋಲರ್' ಎಂಬ ಸಾಲು ಹುಡುಕಿ. ಅಲ್ಲಿ ಇಂಟೆಲ್, ರಿಯಲ್‌ಟೆಕ್, ಮೀಡಿಯಾಟೆಕ್ ಎಂದು ಕಂಪನಿ ಹೆಸರು ಇರುತ್ತದೆ. ಅದರ ಕೆಳಗೆ 'ಕರ್ನಲ್ ಡ್ರೈವರ್ ಇನ್ ಯೂಸ್' ಎಂಬ ಸಾಲಿದ್ದರೆ ಡ್ರೈವರ್ ಕೂತಿದೆ. ಆ ಸಾಲಿಲ್ಲದಿದ್ದರೆ ಕಾರ್ಡ್ ಇದೆ, ಓಡಿಸುವವರಿಲ್ಲ. ನೆಟ್‌ವರ್ಕ್ ಕಂಟ್ರೋಲರ್ ಎಂಬ ಹೆಸರೇ ಪಟ್ಟಿಯಲ್ಲಿ ಇಲ್ಲದಿದ್ದರೆ, ಕಾರ್ಡ್ ಗಾಢ ನಿದ್ದೆಯಲ್ಲಿದೆ ಅಥವಾ ಸಾಕೆಟ್‌ನಿಂದ ಸಡಿಲವಾಗಿದೆ. ಬಂದ ದಿನ ಒಮ್ಮೆ, ಕಾಣೆಯಾದ ದಿನ ಒಮ್ಮೆ ಈ ಕಮಾಂಡ್ ಓಡಿಸಿ ಎರಡನ್ನೂ ಮೊಬೈಲ್‌ನಲ್ಲಿ ಫೋಟೋ ತೆಗೆದಿಟ್ಟುಕೊಳ್ಳಿ. ಆ ಎರಡು ಫೋಟೋ ಇದ್ದರೆ ಯಾವ ರಿಪೇರಿಯವರೂ ನಿಮಗೆ ಸುಮ್ನೆ ಏನೋ ಒಂದು ಹೇಳಲು ಆಗುವುದಿಲ್ಲ.

ನಿಮ್ಮದು ಕೆಲವು ದಿನ ಬರುತ್ತದೆ ಅಂದ ಮೇಲೆ ಡ್ರೈವರ್ ಇದ್ದೇ ಇದೆ. ಆದರೆ ಇದನ್ನು ಓದುವ ಬೇರೆಯವರಿಗಾಗಿ ಹೇಳುತ್ತೇನೆ. ಹಾಕಿದ ದಿನದಿಂದ ಒಮ್ಮೆಯೂ ವೈಫೈ ಬಂದೇ ಇಲ್ಲ ಅನ್ನುವುದು ಬೇರೆ ರೋಗ. ಬಹಳ ಸಲ ಹೊಸ ಲ್ಯಾಪ್‌ಟಾಪ್, ಹಳೆಯ ಪೆನ್‌ಡ್ರೈವ್. ಗೆಳೆಯನ ಹತ್ತಿರ ಎಂದೋ ಮಾಡಿಟ್ಟ ಉಬುಂಟು 22.04ರ ಪೆನ್‌ಡ್ರೈವ್ ಇರುತ್ತದೆ. ಅದು ಮೊದಲು ಬಂದಾಗ ಇದ್ದ ಕರ್ನಲ್ 5.15. ಈಗಿನ ಲ್ಯಾಪ್‌ಟಾಪ್‌ಗಳಲ್ಲಿ ಜಾಸ್ತಿ ಸಿಗುವ ರಿಯಲ್‌ಟೆಕ್ 8852ಬಿಇ ಕಾರ್ಡಿಗೆ ಕರ್ನಲ್‌ನಲ್ಲೇ ಡ್ರೈವರ್ ಬಂದಿದ್ದು 6.2ರಲ್ಲಿ. ಹುಟ್ಟದ ಮಗುವಿಗೆ ಕುಲಾವಿ ಹೊಲಿಯಲು ಆಗುತ್ತದೆಯೇ? 24.04 ಹಾಕಿದರೆ 6.8 ಸಿಗುತ್ತದೆ, ಕಾರ್ಡ್ ತಾನೇ ಎದ್ದೇಳುತ್ತದೆ. ಎಲ್ಲಿಂದಲೋ ಯಾರದೋ ಡ್ರೈವರ್ ತಂದು ಕಂಪೈಲ್ ಮಾಡುವುದಕ್ಕಿಂತ ಇದು ಮೇಲು. ಹಾಗೆ ಕೂರಿಸಿದ ಡ್ರೈವರ್ ಮುಂದಿನ ಕರ್ನಲ್ ಅಪ್‌ಡೇಟ್‌ಗೆ ಬಿದ್ದುಹೋಗಬಹುದು.

ಹಳೆಯ ಬ್ರಾಡ್‌ಕಾಮ್ ಕಾರ್ಡ್ ಇದ್ದವರು 'ಅಡಿಷನಲ್ ಡ್ರೈವರ್ಸ್' ಎಂಬ ಕಿಟಕಿ ತೆರೆದು ಅಲ್ಲಿ ತೋರಿಸುವ ಡ್ರೈವರ್ ಆರಿಸಿ. ಸೆಕ್ಯೂರ್ ಬೂಟ್ ಆನ್ ಇದ್ದರೆ ಒಂದು ಪಾಸ್‌ವರ್ಡ್ ಇಡಲು ಕೇಳುತ್ತದೆ. ರೀಸ್ಟಾರ್ಟ್ ಆದಾಗ ನೀಲಿ ಪರದೆ ಬಂದು 10 ಸೆಕೆಂಡ್ ಮಾತ್ರ ಕಾಯುತ್ತದೆ. ಆಗ ಯಾವುದಾದರೂ ಕೀ ಒತ್ತಿ, 'ಎನ್‌ರೋಲ್ ಎಂಒಕೆ' ಆರಿಸಿ, ಆ ಪಾಸ್‌ವರ್ಡ್ ಕೊಡಬೇಕು. ಚಹಾ ತರಲು ಎದ್ದು ಹೋದರೆ ಪರದೆ ಹೋಗಿರುತ್ತದೆ, ಡ್ರೈವರ್ ಕೂತಿರುವುದಿಲ್ಲ.

ಈಗ ನಿಮ್ಮ ಎರಡನೆಯ ತೊಂದರೆಗೆ ಬರುತ್ತೇನೆ. ನಿಧಾನ ಮತ್ತು ಕಟ್ ಆಗುವುದು. ಇದು ಫಾಸ್ಟ್ ಸ್ಟಾರ್ಟಪ್ ಕೆಲಸ ಅಲ್ಲ. ಎರಡನ್ನೂ ಒಂದೇ ರೋಗ ಎಂದು ತಿಳಿದರೆ ಒಂದು ವಾಸಿಯಾದಾಗಲೂ ಇನ್ನೊಂದು ಕಾಡುತ್ತದೆ, ಏನೂ ಸರಿಯಾಗಲಿಲ್ಲ ಅನ್ನಿಸುತ್ತದೆ.

ರಾತ್ರಿ ಹೊತ್ತು ಜಾಸ್ತಿ ಎಂದು ಬರೆದಿದ್ದೀರಿ. ಸಪ್ತಾಪುರ ನನಗೆ ಗೊತ್ತು. ಕೋಚಿಂಗ್ ಕ್ಲಾಸು, ಪಿಜಿ, ಮೆಸ್ಸು, ಒಂದರ ಗೋಡೆಗೆ ಇನ್ನೊಂದು. ಒಂದೊಂದು ಮನೆಯಲ್ಲಿ ಎರಡು ಮೂರು ರೌಟರ್. ಕ್ಲಾಸ್ ಮುಗಿಸಿ ಎಲ್ಲರೂ ರೂಮಿಗೆ ಬಂದ ಮೇಲೆ ಎಲ್ಲವೂ ಒಟ್ಟಿಗೆ ಮಾತಾಡುತ್ತವೆ. ವೈಫೈನ 2.4 ಗಿಗಾಹರ್ಟ್ಸ್ ಪಟ್ಟಿಯಲ್ಲಿ (ಬ್ಯಾಂಡ್) ನಮ್ಮಲ್ಲಿ 13 ಚಾನೆಲ್ ಇವೆ ಅಂತ ಲೆಕ್ಕ. ಆದರೆ ಒಂದು ಚಾನೆಲ್‌ನ ಅಗಲ 20 ಮೆಗಾಹರ್ಟ್ಸ್, ಎರಡು ಚಾನೆಲ್ ನಡುವಿನ ದೂರ ಬರೀ 5. ಹಾಗಾಗಿ ಪಕ್ಕಪಕ್ಕದವು ಒಂದರ ಮೇಲೊಂದು ಕೂರುತ್ತವೆ. ಒಂದಕ್ಕೊಂದು ತಾಗದೆ ಇರಲೆಂದು ಸಾಮಾನ್ಯವಾಗಿ ಬಳಸುವುದು 1, 6, 11, ಈ ಮೂರನ್ನೇ. ಮೂರು ದಾರಿಯ ಮೇಲೆ ಮೂವತ್ತು ರೌಟರ್. ದುರ್ಗದ ಬೈಲಿನಲ್ಲಿ ಸಂಜೆ ಗಿರ್ಮಿಟ್ ಗಾಡಿ ಮುಂದೆ ನಿಂತು ಫೋನಿನಲ್ಲಿ ಮಾತಾಡಿ ನೋಡಿ. ನೀವು ಕೂಗಿದ್ದು ಆ ಕಡೆಯವರಿಗೆ ಎಷ್ಟು ಕೇಳುತ್ತದೆ?

ಎಷ್ಟು ರೌಟರ್ ಇವೆ ಎಂದು ನೀವೇ ಎಣಿಸಬಹುದು. ಎನ್-ಎಂ-ಸಿ-ಎಲ್-ಐ ಒಂದು ಪದ, ಆಮೇಲೆ ಡಿವೈಸ್, ವೈಫೈ, ಲಿಸ್ಟ್, ಮೂರು ಪದ ಬಿಡಿಬಿಡಿಯಾಗಿ. ಸುತ್ತಲಿನ ವೈಫೈಗಳ ಪಟ್ಟಿ ಬರುತ್ತದೆ, ಪಕ್ಕದಲ್ಲಿ ಚಾನೆಲ್ ಸಂಖ್ಯೆ, ನೂರಕ್ಕೆ ಎಷ್ಟು ಸಿಗ್ನಲ್ ಎಂಬುದೂ ಇರುತ್ತದೆ. ಚಾನೆಲ್ ಸಂಖ್ಯೆ 36, 149 ಹೀಗೆ ದೊಡ್ಡದಿದ್ದರೆ ಅದು 5 ಗಿಗಾಹರ್ಟ್ಸ್. ನಿಮ್ಮ ಪಿಜಿಯ ರೌಟರ್ 2.4, 5 ಎರಡೂ ಬ್ಯಾಂಡ್‌ನಲ್ಲಿ ಹಾಡುತ್ತಿದ್ದರೆ 5 ಇರುವುದಕ್ಕೇ ಸೇರಿಕೊಳ್ಳಿ. ಅದರ ದಾರಿ ಅಗಲ, ಜನ ಕಡಿಮೆ. ಗೋಡೆ ದಾಟುವ ಶಕ್ತಿ ಮಾತ್ರ ಕಡಿಮೆ. ಧಾರವಾಡದ ಹಳೆಯ ಮನೆಗಳ ದಪ್ಪ ಕಲ್ಲಿನ ಗೋಡೆ ಇದ್ದರೆ ಪಕ್ಕದ ಕೋಣೆಗೇ ಬರಲಿಕ್ಕಿಲ್ಲ. "ಮೊಬೈಲ್‌ನಲ್ಲಿ ಚೆನ್ನಾಗಿ ಬರುತ್ತೆ, ಲ್ಯಾಪ್‌ಟಾಪ್‌ನಲ್ಲಿ ಮಾತ್ರ ಇಲ್ಲ" ಎನ್ನುವವರಲ್ಲಿ ಎಷ್ಟೋ ಜನರ ಮೊಬೈಲ್ 5ರ ಮೇಲೆ, ಲ್ಯಾಪ್‌ಟಾಪ್ 2.4ರ ಮೇಲೆ ಕೂತಿರುತ್ತದೆ. ಹೋಲಿಸುವ ಮೊದಲು ಎರಡೂ ಒಂದೇ ಪಟ್ಟಿಯಲ್ಲಿವೆಯೇ ನೋಡಿ. ವಿಂಡೋಸ್ ಮತ್ತು ಉಬುಂಟು ಹೋಲಿಸುವಾಗಲೂ ಅಷ್ಟೇ. ಅದೇ ಜಾಗ, ಅದೇ ಹೊತ್ತು, ಅದೇ ಪಟ್ಟಿ.

ಬ್ಲೂಟೂತ್ ಹೆಡ್‌ಸೆಟ್ ಹಾಕಿಕೊಂಡು ವಿಡಿಯೋ ನೋಡುತ್ತೀರಾ? ಈಗಿನ ಲ್ಯಾಪ್‌ಟಾಪ್‌ಗಳಲ್ಲಿ ಬ್ಲೂಟೂತ್ ಮತ್ತು ವೈಫೈ ಸಾಮಾನ್ಯವಾಗಿ ಒಂದೇ ಕಾರ್ಡಿನಲ್ಲಿರುತ್ತವೆ, ಬ್ಲೂಟೂತ್ ಓಡುವುದೂ 2.4ರ ಮೇಲೇ. ಒಂದು ದಿನ ತಂತಿಯ ಇಯರ್‌ಫೋನ್ ಹಾಕಿ ನೋಡಿ.

ಇದೆಲ್ಲ ಆದ ಮೇಲೂ ಉಬುಂಟುನಲ್ಲಿ ಮಾತ್ರ ಕಟ್ ಆಗುತ್ತಿದ್ದರೆ ಪವರ್ ಸೇವಿಂಗ್ ಮೇಲೆ ನನಗೆ ಅನುಮಾನ. ಬ್ಯಾಟರಿ ಉಳಿಸಲೆಂದು ಉಬುಂಟು ವೈಫೈ ಕಾರ್ಡಿಗೆ ಆಗಾಗ ತೂಕಡಿಸಲು ಬಿಡುತ್ತದೆ. ಇಂಟೆಲ್ ಕಾರ್ಡ್‌ಗಳಲ್ಲಿ ಇದು ಅಷ್ಟಾಗಿ ಕಾಡುವುದಿಲ್ಲ, ರಿಯಲ್‌ಟೆಕ್‌ನಲ್ಲಿ ಕಾಡಿದ್ದನ್ನು ಬಹಳ ನೋಡಿದ್ದೇನೆ. ಈಟಿಸಿ ಎಂಬ ಫೋಲ್ಡರ್, ಅದರೊಳಗೆ ನೆಟ್‌ವರ್ಕ್‌ಮ್ಯಾನೇಜರ್, ಅದರೊಳಗೆ ಕಾನ್ಫ್ ಡಾಟ್ ಡಿ. ಅಲ್ಲಿ 'ಡಿಫಾಲ್ಟ್ ವೈಫೈ ಪವರ್‌ಸೇವ್ ಆನ್' ಎಂಬ ಹೆಸರಿನ ಪುಟ್ಟ ಫೈಲ್ ಇದೆ. ಸುಡೋ (ಅಡ್ಮಿನ್ ಅಧಿಕಾರ ಕೊಡುವ ಪದ) ಹಾಕಿ ನ್ಯಾನೋ ಎಂಬ ಟೆಕ್ಸ್ಟ್ ಎಡಿಟರ್‌ನಲ್ಲಿ ತೆರೆಯಿರಿ. ಎರಡೇ ಸಾಲು. ಕೊನೆಯಲ್ಲಿ 3 ಇರುತ್ತದೆ, ಅಂದರೆ ಆನ್. ಅದನ್ನು 2 ಮಾಡಿದರೆ ಆಫ್. ಸೇವ್ ಮಾಡಿ ರೀಸ್ಟಾರ್ಟ್ ಮಾಡಿ. ಬ್ಯಾಟರಿ ಸ್ವಲ್ಪ ಬೇಗ ಇಳಿಯಬಹುದು. ಪಿಜಿಯಲ್ಲಿ ಹೇಗೂ ಚಾರ್ಜರ್ ಹಚ್ಚಿಯೇ ಕೂರುತ್ತೀರಿ.

ರೌಟರ್ ಪಕ್ಕದಲ್ಲಿ ಕೂತರೆ ಮಾತ್ರ ಬರುತ್ತದೆ, ನಾಲ್ಕು ಹೆಜ್ಜೆ ಆಚೆ ಹೋದರೆ ಸತ್ತುಹೋಗುತ್ತದೆ ಎಂದಿದ್ದರೆ ಅದು ಆಂಟೆನಾ ಕಥೆ. ರಿಯಲ್‌ಟೆಕ್ 8723ಬಿಇ ಎಂಬ ಹಳೆಯ ಕಾರ್ಡ್ ಇದಕ್ಕೆ ಹೆಸರುವಾಸಿ. ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಅದಕ್ಕೆ ಒಂದೇ ಆಂಟೆನಾ ತಂತಿ ಹಚ್ಚಿರುತ್ತಾರೆ, ಲಿನಕ್ಸ್ ಡ್ರೈವರ್ ತಂತಿ ಇಲ್ಲದ ಕಡೆ ಕಿವಿಗೊಟ್ಟು ಕೂರುತ್ತದೆ. ಬ್ಯಾಡಗಿಯ ಹುಡುಗನೊಬ್ಬ ಎರಡು ವರ್ಷ ಹಜಾರದಲ್ಲಿ ರೌಟರ್ ಕೆಳಗೇ ಕೂತು ಓದಿದ್ದ. ಡ್ರೈವರ್‌ಗೆ ಯಾವ ಆಂಟೆನಾ ಎಂದು ಹೇಳುವ ಒಂದು ಸಾಲು ಬರೆದ ಮೇಲೆ ಮಾಳಿಗೆ ಮೇಲಿನ ಕೋಣೆಗೆ ಹೋದ. ನಿಮ್ಮದು ವಿಂಡೋಸ್ 11 ಇರುವ ಲ್ಯಾಪ್‌ಟಾಪ್, ಆ ಕಾರ್ಡ್ ಇರಲಿಕ್ಕಿಲ್ಲ.

ಕಾಲೇಜಿನ ವೈಫೈ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಅಲ್ಲಿ ನಿಮ್ಮ ಲ್ಯಾಪ್‌ಟಾಪ್‌ನ ಮ್ಯಾಕ್ ಅಡ್ರೆಸ್ (ವೈಫೈ ಕಾರ್ಡಿನ ಗುರುತಿನ ಸಂಖ್ಯೆ) ಬರೆಸಿಕೊಂಡಿದ್ದರೆ, ವಿಂಡೋಸ್, ಉಬುಂಟು ಎರಡೂ ಕಡೆ 'ರ‍್ಯಾಂಡಮ್' ಅಡ್ರೆಸ್ ಆಫ್ ಇರಬೇಕು. ಇಲ್ಲವಾದರೆ ಒಂದರಲ್ಲಿ ನೀವು ನೀವೇ, ಇನ್ನೊಂದರಲ್ಲಿ ಅಪರಿಚಿತರು.

ಇಷ್ಟೆಲ್ಲ ಮಾಡಿಯೂ ಕಾರ್ಡ್ ಬದಲಿಸುವ ದಿನ ಬಂದರೆ, ಅಂದರೆ ವಿಂಡೋಸ್‌ನಲ್ಲೂ ಕಾಣೆಯಾಗಲು ಶುರುವಾದರೆ, ಎರಡು ಮಾತು ನೆನಪಿರಲಿ. ಮೊದಲು ಅದು ಬಿಚ್ಚಲು ಬರುವ ಕಾರ್ಡೇ ಎಂದು ಕೇಳಿ, ಕೆಲವು ತೆಳು ಲ್ಯಾಪ್‌ಟಾಪ್‌ಗಳಲ್ಲಿ ಬೋರ್ಡಿಗೇ ಬೆಸುಗೆ ಹಾಕಿರುತ್ತಾರೆ. ಬಿಚ್ಚಲು ಬರುವುದಾದರೆ ಇಂಟೆಲ್ ಎಎಕ್ಸ್ 210 ಕೇಳಿ. ಎಎಕ್ಸ್ 201, 211 ಎಂಬವೂ ಸಿಗುತ್ತವೆ, ನೋಡಲು ಒಂದೇ ಥರ. ಆದರೆ ಅವುಗಳ ಅರ್ಧ ಕೆಲಸ ಇಂಟೆಲ್ ಪ್ರೊಸೆಸರ್ ಕಡೆಯೇ ನಡೆಯುವುದು. ಎಎಂಡಿ ಲ್ಯಾಪ್‌ಟಾಪ್‌ಗೆ ಹಾಕಿದರೆ ಸುಮ್ನೆ ಕೂರುತ್ತವೆ. ಅಂಗಡಿಯವರು ಗೊತ್ತಿಲ್ಲದೆಯೂ ಕೊಟ್ಟುಬಿಡುತ್ತಾರೆ.

ಕೊನೆಗೆ ಗಡಿಯಾರ. ವೈಫೈಗೂ ಅದಕ್ಕೂ ನೇರ ಸಂಬಂಧ ಇಲ್ಲ, ಆದರೆ ಜಗಳ ಅದೇ: ಒಂದು ವಸ್ತು, ಇಬ್ಬರು ಮಾಲೀಕರು. ಬೋರ್ಡಿನ ಮೇಲಿನ ಗಡಿಯಾರದಲ್ಲಿ ಉಬುಂಟು ಅಂತರರಾಷ್ಟ್ರೀಯ ಸಮಯ ಬರೆದಿಡುತ್ತದೆ. ವಿಂಡೋಸ್ ಅದನ್ನೇ ಭಾರತದ ಸಮಯ ಎಂದು ಓದುತ್ತದೆ. ಅದಕ್ಕೇ ನಿಮ್ಮ ವಿಂಡೋಸ್ ಸರಿಯಾಗಿ ಐದೂವರೆ ಗಂಟೆ ಹಿಂದೆ ಇರುವುದು, ನೋಡಿ ಬೇಕಾದರೆ. ಉಬುಂಟುನಲ್ಲಿ 'ಟೈಮ್‌ಡೇಟ್‌ಸಿಟಿಎಲ್', ಜಾಗ ಬಿಟ್ಟು 'ಸೆಟ್-ಲೋಕಲ್-ಆರ್‌ಟಿಸಿ' ನಡುವೆ ಎರಡು ಅಡ್ಡಗೆರೆ ಸಮೇತ, ಮತ್ತೆ ಜಾಗ ಬಿಟ್ಟು 1 ಎಂದು ಕೊಡಿ. ಇದನ್ನು ಮಾಡಬೇಡಿ ಎಂಬ ಎಚ್ಚರಿಕೆ ಅಲ್ಲಲ್ಲಿ ಓದುತ್ತೀರಿ. ಅದು ಮುಖ್ಯವಾಗಿ ಬೇಸಿಗೆಗೊಮ್ಮೆ ಚಳಿಗಾಲಕ್ಕೊಮ್ಮೆ ಗಡಿಯಾರ ತಿರುಗಿಸುವ ದೇಶದವರಿಗೆ. ನಮ್ಮಲ್ಲಿ ಆ ತಾಪತ್ರಯ ಇಲ್ಲ. ಧೈರ್ಯವಾಗಿ ಮಾಡಿ.

ಟಿಕ್ ತೆಗೆದು ಎಂಟು ದಿನ ಬಳಸಿ ನೋಡಿ. ಆಗಲೂ ಅಡಾಪ್ಟರ್ ಕಾಣೆಯಾದರೆ ಆ ಎರಡು ಫೋಟೋ ಕಳಿಸಿ. ಚಿಗರಿ ಬಸ್ ಹತ್ತಿ ಹುಬ್ಬಳ್ಳಿಗೆ ಬರುವುದು ಅದಾದ ಮೇಲೆ.